ವೈದ್ಯ, ರಾಯಭಾರಿ, ಶಾಸಕ: ಟೆಕ್ಸಸ್ಸಿನ ಡಾ. ಆಶ್‌ಬೆಲ್ ಸ್ಮಿತ್

ಟೆಕ್ಸಸ್ಸಿಗೆ ಬಂದು ನೆಲೆಸಿದ ನಮ್ಮಂಥವರಿಗೆ ಸ್ಯಾಮ್ ಹ್ಯೂಸ್ಟನ್, ಸ್ಟೀಫನ್ ಆಸ್ಟಿನ್ ಎಂಬ ಹೆಸರುಗಳು ಊರುಗಳ ಹೆಸರಾಗಿ ದಿನವೂ ನಾಲಿಗೆಯ ಮೇಲಿರುತ್ತವೆ. ನಮ್ಮ ಮಕ್ಕಳು ನಾಲ್ಕನೆಯ ತರಗತಿಯಲ್ಲೊಮ್ಮೆ, ಏಳನೆಯ ತರಗತಿಯಲ್ಲೊಮ್ಮೆ ಈ ರಾಜ್ಯದ ಇತಿಹಾಸ ಓದಿ, ಅಲಾಮೊ ಕೋಟೆಯ ಕಾಳಗವನ್ನು ನಮಗೇ ಪಾಠ ಹೇಳುವಷ್ಟು ಬಲ್ಲವರಾಗುತ್ತಾರೆ. ಆದರೆ ಆಶ್‌ಬೆಲ್ ಸ್ಮಿತ್ ಎಂಬ ಹೆಸರನ್ನು ಕೇಳಿದವರು ನಮ್ಮಲ್ಲಿ ಕಡಿಮೆ. ಗ್ಯಾಲ್ವೆಸ್ಟನ್ನಿನ ವೈದ್ಯಕೀಯ ವಿದ್ಯಾಲಯದಲ್ಲಿ ಓದಿದ, ದುಡಿದ ವೈದ್ಯಮಿತ್ರರು ಅಲ್ಲಿನ ಕೆಂಪು ಕಟ್ಟಡದ ಹೆಸರಾಗಿ ಇದನ್ನು ಕಂಡಿರಬಹುದು. ನಮ್ಮ ಸಂಘದ ಸ್ಥಾಪನೆಯ ದಿನವನ್ನು ನೆನೆಯುವ ಈ ಸಂಚಿಕೆಯಲ್ಲಿ, ಎಲ್ಲಿಂದಲೋ ಬಂದು ಈ ರಾಜ್ಯದಲ್ಲಿ ಅನೇಕ ಸಂಸ್ಥೆಗಳ ಸ್ಥಾಪನೆಗೆ ಕೈಹಾಕಿದ ಈ ವೈದ್ಯನ ಕಥೆಯನ್ನು ಹೇಳುವುದು ಉಚಿತವೆಂದು ತೋರಿತು.

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಸ್ಮಿತ್ ಕೈಯಾಡಿಸದ ಉದ್ಯೋಗವಿರಲಿಲ್ಲ ಎಂದರೆ ತುಸು ಹೆಚ್ಚಾದರೂ ಸುಳ್ಳಾಗದು. ಶಾಲಾ ಶಿಕ್ಷಕ, ವೈದ್ಯ, ಪತ್ರಿಕೆಯ ಪಾಲುದಾರ, ಸೇನೆಯ ಸರ್ಜನ್ ಜನರಲ್, ತೋಟದ ಒಡೆಯ, ರಾಯಭಾರಿ, ವಿದೇಶಾಂಗದ ಹೊಣೆ ಹೊತ್ತ ಮಂತ್ರಿ, ಮೂರು ಸಲ ಶಾಸಕ, ಯುದ್ಧದಲ್ಲಿ ಕರ್ನಲ್, ಕೊನೆಗೆ ವಿಶ್ವವಿದ್ಯಾನಿಲಯವೊಂದರ ಆಡಳಿತ ಮಂಡಳಿಯ ಮೊದಲ ಅಧ್ಯಕ್ಷ. ಇಷ್ಟೆಲ್ಲ ಒಂದೇ ಜನ್ಮದಲ್ಲಿ!

ಸ್ಮಿತ್ ಹುಟ್ಟಿದ್ದು 1805ರ ಆಗಸ್ಟ್ 13ರಂದು, ಉತ್ತರದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ. ಯೇಲ್‌ನಲ್ಲಿ ಓದಿ 1824ರಲ್ಲಿ ಪದವಿ ಪಡೆದ. ಹೊಟ್ಟೆಪಾಡಿಗೆ ದಕ್ಷಿಣದ ನಾರ್ತ್ ಕ್ಯಾರೊಲೈನಾಕ್ಕೆ ಹೋಗಿ ಸಾಲ್ಸ್‌ಬರಿ ಎಂಬ ಊರಿನಲ್ಲಿ ಮೇಷ್ಟ್ರಾದ. ಅಲ್ಲಿದ್ದಾಗ ಕಾನೂನನ್ನೂ ಒಂದಷ್ಟು ಓದಿದ. ಬಳಿಕ ಮನಸ್ಸು ವೈದ್ಯಕೀಯದತ್ತ ತಿರುಗಿ ಮತ್ತೆ ಯೇಲ್‌ಗೆ ಬಂದು 1828ರಲ್ಲಿ ಎಂ.ಡಿ. ಪಡೆದ.

1831ರಲ್ಲಿ ಸ್ಮಿತ್ ಹೆಚ್ಚಿನ ಅಭ್ಯಾಸಕ್ಕಾಗಿ ಪ್ಯಾರಿಸ್ಸಿಗೆ ಹೊರಟ. ನಮ್ಮ ನಾಡಿನ ಲೆಕ್ಕದಲ್ಲಿ ಹೇಳುವುದಾದರೆ, ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕಿತ್ತುಕೊಂಡ ವರ್ಷ. ಆ ಕಾಲದ ವೈದ್ಯರಿಗೆ ಪ್ಯಾರಿಸ್ ಎಂದರೆ ಕಾಶಿಯಿದ್ದಂತೆ. ಸ್ಟೆತೊಸ್ಕೋಪು ಹುಟ್ಟಿದ್ದು ಅಲ್ಲಿ, 1816ರಲ್ಲಿ. ರೋಗಿ ಬದುಕಿದ್ದಾಗ ಕಂಡ ಲಕ್ಷಣಗಳನ್ನು ಸತ್ತ ಮೇಲೆ ಶವಪರೀಕ್ಷೆಯಲ್ಲಿ ಕಂಡದ್ದರೊಡನೆ ತಾಳೆ ನೋಡುವ ಶಿಸ್ತು ಬೆಳೆದದ್ದೂ ಅಲ್ಲಿನ ದೊಡ್ಡಾಸ್ಪತ್ರೆಗಳಲ್ಲೇ. ಅಲ್ಲಿರುವಾಗಲೇ, 1832ರ ವಸಂತದಲ್ಲಿ, ಕಾಲರಾ ಆ ನಗರಕ್ಕೆ ನುಗ್ಗಿತು. ನಮ್ಮ ಬಂಗಾಳದಿಂದ 1817ರ ಸುಮಾರಿಗೆ ಹೊರಬಿದ್ದ ಮಾರಿ ಅಲೆಯಲೆಯಾಗಿ ಹಬ್ಬಿ ಪ್ಯಾರಿಸ್ಸನ್ನು ತಲುಪಿ, ಅಲ್ಲಿ ಸುಮಾರು 18,000 ಮಂದಿಯನ್ನು ಬಲಿ ತೆಗೆದುಕೊಂಡಿತು. ಸ್ಮಿತ್ ಊರು ಬಿಟ್ಟು ಓಡಲಿಲ್ಲ. ರೋಗಿಗಳ ನಡುವೆ ದುಡಿದು, ಕಂಡದ್ದನ್ನು ಬರೆದಿಟ್ಟು, ಅದೇ ವರ್ಷ ನ್ಯೂಯಾರ್ಕಿನಲ್ಲಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದ. ಆಗ ಆತನಿಗೆ ಇಪ್ಪತ್ತೇಳು ವರ್ಷ.

ಮರಳಿ ಸಾಲ್ಸ್‌ಬರಿಗೆ ಬಂದು ವೃತ್ತಿ ಆರಂಭಿಸಿದ ಸ್ಮಿತ್‌ಗೆ ರಾಜಕೀಯದ ಗಾಳಿಯೂ ತಗುಲಿತು. ಅಲ್ಲಿನ ಪತ್ರಿಕೆಯೊಂದರಲ್ಲಿ ಪಾಲು ಪಡೆದು ಬರೆಯತೊಡಗಿದ. ಆ ಹೊತ್ತಿಗೆ ಮೆಕ್ಸಿಕೋದಿಂದ ಸಿಡಿದು ಸ್ವತಂತ್ರ ಗಣರಾಜ್ಯವಾಗಿದ್ದ ಟೆಕ್ಸಸ್ ವಿದ್ಯಾವಂತರಿಗಾಗಿ ಹಾತೊರೆಯುತ್ತಿತ್ತು. 1837ರ ವಸಂತದಲ್ಲಿ ಸ್ಮಿತ್ ಇಲ್ಲಿಗೆ ಬಂದ. ಹ್ಯೂಸ್ಟನ್ ಆಗಷ್ಟೇ ಹುಟ್ಟಿದ ರಾಜಧಾನಿ. ಅಧ್ಯಕ್ಷ ಸ್ಯಾಮ್ ಹ್ಯೂಸ್ಟನ್‌ನೊಡನೆ ಒಂದೇ ಕೋಣೆಯಲ್ಲಿ ಬಿಡಾರ ಹೂಡಿದ ಈ ವೈದ್ಯ ಆತನ ಜೀವದ ಗೆಳೆಯನಾದ. ಅದೇ ಜೂನ್‌ನಲ್ಲಿ ಗಣರಾಜ್ಯದ ಸೇನೆಗೆ ಸರ್ಜನ್ ಜನರಲ್ ಆಗಿ ನೇಮಕಗೊಂಡು ಸೈನಿಕರಿಗಾಗಿ ಆಸ್ಪತ್ರೆಯೊಂದನ್ನು ತೆರೆದ. ತಾತ್ಕಾಲಿಕವಾಗಿದ್ದರೂ ಹ್ಯೂಸ್ಟನ್ನಿನ ಮೊದಲ ಆಸ್ಪತ್ರೆ ಅದೇ. ಇಂದು ಜಗತ್ತಿನ ನಾನಾ ಮೂಲೆಗಳಿಂದ ರೋಗಿಗಳು ಹುಡುಕಿಕೊಂಡು ಬರುವ ಟೆಕ್ಸಸ್ ಮೆಡಿಕಲ್ ಸೆಂಟರಿನ ಊರಿಗೆ ಅಷ್ಟು ಸಣ್ಣ ಆರಂಭ!

ವೈದ್ಯನಾಗಿ ಸ್ಮಿತ್‌ನ ನಿಜವಾದ ಪರೀಕ್ಷೆ ನಡೆದದ್ದು 1839ರ ಶರತ್ಕಾಲದಲ್ಲಿ, ಗ್ಯಾಲ್ವೆಸ್ಟನ್ ಬಂದರಿನಲ್ಲಿ ಹಳದಿ ಜ್ವರ ಎದ್ದಾಗ. ಎಂ.ಬಿ.ಬಿ.ಎಸ್. ಓದುವಾಗ ನಮಗೆ ಈ ರೋಗ ಪಿ.ಎಸ್.ಎಂ. ಪರೀಕ್ಷೆಗೆ ಬಾಯಿಪಾಠ ಮಾಡುವ ವಿಷಯವಾಗಿತ್ತೇ ಹೊರತು ಕಣ್ಣಾರೆ ಕಾಣುವ ರೋಗವಾಗಿರಲಿಲ್ಲ. ಇದನ್ನು ಹರಡುವ ಸೊಳ್ಳೆ ನಮ್ಮೂರುಗಳಲ್ಲಿ ಯಥೇಚ್ಛವಾಗಿದ್ದರೂ ರೋಗ ಮಾತ್ರ ಭಾರತಕ್ಕೆ ಕಾಲಿಟ್ಟಿಲ್ಲ. ವಿಮಾನ ನಿಲ್ದಾಣಗಳಲ್ಲಿ ಆ ಲಸಿಕೆಯ ಚೀಟಿಯನ್ನು ಕೇಳುವುದು ಅದಕ್ಕಾಗಿಯೇ. 1839ರಲ್ಲಿ ಸೊಳ್ಳೆಯ ಪಾತ್ರ ಯಾರಿಗೂ ಗೊತ್ತಿರಲಿಲ್ಲ. ಜ್ವರ, ಕಾಮಾಲೆ, ಕೊನೆಗೆ ಕಾಫಿ ಗಸಿಯಂಥ ಕಪ್ಪು ವಾಂತಿ. ವಾಂತಿ ಕಪ್ಪಾಯಿತೆಂದರೆ ಮನೆಯವರು ಆಸೆ ಬಿಡುತ್ತಿದ್ದರು, ನೆರೆಹೊರೆಯವರು ಅಂಟೀತೆಂದು ಹೆದರಿ ದೂರ ಸರಿಯುತ್ತಿದ್ದರು.

ಸ್ಮಿತ್ ಮನೆಮನೆಗೆ ಹೋಗಿ ಚಿಕಿತ್ಸೆ ನೀಡಿದ, ಸತ್ತವರ ಶವಪರೀಕ್ಷೆ ಮಾಡಿದ, ಒಬ್ಬೊಬ್ಬ ರೋಗಿಯ ವಿವರವನ್ನೂ ಬರೆದಿಟ್ಟ. ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲವೆಂದು ಆತನಿಗೆ ಮನವರಿಕೆಯಾಗಿತ್ತು. ಅದನ್ನು ಪರೀಕ್ಷಿಸಲು ಆತ ಮಾಡಿದ್ದನ್ನು ಊಟದ ಹೊತ್ತಿನಲ್ಲಿ ಈ ಸಂಚಿಕೆ ಹಿಡಿದ ಓದುಗರು ಕ್ಷಮಿಸಬೇಕು: ರೋಗಿಗಳು ಕಾರಿದ ಆ ಕಪ್ಪು ವಾಂತಿಯನ್ನು ಆತ ಒಂದಲ್ಲ, ಹಲವು ಸಲ ನಾಲಿಗೆಗೆ ಹಚ್ಚಿ ರುಚಿ ನೋಡಿದ. ಆತನ ಈ ಅನುಭವವೆಲ್ಲ ಅದೇ ವರ್ಷ ಗ್ಯಾಲ್ವೆಸ್ಟನ್ನಿನಲ್ಲೇ ಪುಸ್ತಕವಾಗಿ ಅಚ್ಚಾಯಿತು. ಹಳದಿ ಜ್ವರದ ಬಗ್ಗೆ ಟೆಕ್ಸಸ್ಸಿನಲ್ಲಿ ಬಂದ ಮೊದಲ ಪ್ರಬಂಧ ಅದು. ರೋಗ ನೇರವಾಗಿ ಅಂಟುವುದಿಲ್ಲವೆಂಬ ಆತನ ಮಾತು ಸರಿಯೇ ಆಗಿತ್ತು. ಸೊಳ್ಳೆಯ ಮೇಲೆ ಸಂಶಯಪಟ್ಟು ಕ್ಯೂಬಾದ ಕಾರ್ಲೋಸ್ ಫಿನ್ಲೆ ಬರೆದದ್ದು 1881ರಲ್ಲಿ, ವಾಲ್ಟರ್ ರೀಡ್‌ನ ತಂಡ ಅದನ್ನು ಸಾಧಿಸಿ ತೋರಿಸಿದ್ದು 1900ರಲ್ಲಿ. ಜನರೆಲ್ಲ ನಂಬಿದ್ದನ್ನು ತಾನೂ ಕಣ್ಣುಮುಚ್ಚಿ ನಂಬದೆ ಸ್ವಂತ ದೇಹವನ್ನೇ ಒಡ್ಡಿ ಪರೀಕ್ಷಿಸಿದ ಈ ಗುಣವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಬೇಕಾಗುತ್ತದೆ.

1842ರಲ್ಲಿ ಸ್ಯಾಮ್ ಹ್ಯೂಸ್ಟನ್ ತನ್ನ ಗೆಳೆಯನನ್ನು ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗೆ ಗಣರಾಜ್ಯದ ಪ್ರತಿನಿಧಿಯಾಗಿ ಕಳಿಸಿದ. ಬೊಕ್ಕಸ ಬರಿದಾದ, ನೆರೆಯ ಮೆಕ್ಸಿಕೋ ಇನ್ನೂ ಒಪ್ಪಿಕೊಳ್ಳದ ಪುಟ್ಟ ದೇಶವೊಂದಕ್ಕೆ ಲಂಡನ್ನಿನ ಮಂತ್ರಿಗಳ ಎದುರು ಮಾನ ಉಳಿಸಿಕೊಡುವ ಕೆಲಸ ಅದು. ಮೆಕ್ಸಿಕೋಗಾಗಿ ಇಂಗ್ಲೆಂಡಿನಲ್ಲಿ ಸಿದ್ಧವಾಗುತ್ತಿದ್ದ ಯುದ್ಧನೌಕೆಗಳ ವಿರುದ್ಧ ದೂರು ಕೊಟ್ಟ, ವ್ಯಾಪಾರದ ಒಪ್ಪಂದವನ್ನು ಊರ್ಜಿತಗೊಳಿಸಿಕೊಂಡ.

1845ರಲ್ಲಿ ಗಣರಾಜ್ಯದ ಕೊನೆಯ ಅಧ್ಯಕ್ಷ ಆನ್ಸನ್ ಜೋನ್ಸ್ ಸ್ಮಿತ್‌ನನ್ನು ಸೆಕ್ರೆಟರಿ ಆಫ್ ಸ್ಟೇಟ್ ಆಗಿ ನೇಮಿಸಿದ. ಜೋನ್ಸ್ ಕೂಡ ವೈದ್ಯನೇ. ಅಂದರೆ ಒಂದು ದೇಶದ ಕೊನೆಯ ವರ್ಷ ಅದರ ನಾಡಿ ಹಿಡಿದು ಕೂತಿದ್ದವರು ಇಬ್ಬರು ಡಾಕ್ಟರುಗಳು! ಟೆಕ್ಸಸ್ ಸಂಯುಕ್ತ ಸಂಸ್ಥಾನಕ್ಕೆ ಸೇರಬೇಕೋ ಸ್ವತಂತ್ರವಾಗಿ ಉಳಿಯಬೇಕೋ ಎಂಬುದು ಆಗಿನ ಪ್ರಶ್ನೆ. ಯಾರೊಡನೆಯೂ ವಿಲೀನವಾಗುವುದಿಲ್ಲವೆಂದು ಟೆಕ್ಸಸ್ ಮಾತು ಕೊಟ್ಟರೆ ಮೆಕ್ಸಿಕೋ ಅದರ ಸ್ವಾತಂತ್ರ್ಯವನ್ನು ಮನ್ನಿಸುವ ಒಪ್ಪಂದವೊಂದನ್ನು ಬ್ರಿಟನ್ ಮತ್ತು ಫ್ರಾನ್ಸ್‌ನ ಪ್ರತಿನಿಧಿಗಳ ನೆರವಿನಿಂದ ಸ್ಮಿತ್ ರೂಪಿಸಿದ. ಜನರ ಮುಂದೆ ಎರಡೂ ದಾರಿ ತೆರೆದಿರಲಿ ಎಂಬುದು ಸರಕಾರದ ವಾದ. ಜನರಿಗೆ ಬೇಕಾಗಿದ್ದುದು ಒಂದೇ ದಾರಿ. ಗ್ಯಾಲ್ವೆಸ್ಟನ್ನಿನಲ್ಲೂ ಸಾನ್ ಫೆಲಿಪೆಯಲ್ಲೂ ಸ್ಮಿತ್‌ನ ಪ್ರತಿಕೃತಿಯನ್ನು ಸುಟ್ಟರು. ಆರು ವರ್ಷಗಳ ಹಿಂದೆ ಯಾವ ಊರಿನ ರೋಗಿಗಳ ಹಾಸಿಗೆಯ ಬಳಿ ಕೂತಿದ್ದನೋ ಅದೇ ಊರು ಈಗ ಆತನ ಬೊಂಬೆಗೆ ಬೆಂಕಿ ಹಚ್ಚಿತು. 1845ರ ಡಿಸೆಂಬರ್ 29ರಂದು ಟೆಕ್ಸಸ್ ರಾಜ್ಯವಾಗಿ ಸಂಯುಕ್ತ ಸಂಸ್ಥಾನವನ್ನು ಸೇರಿತು. ಇಂಥ ಅವಮಾನದ ನಂತರವೂ ಸ್ಮಿತ್ ಟೆಕ್ಸಸ್ ತೊರೆಯಲಿಲ್ಲ. ಹೊಸ ರಾಜ್ಯದ ಸಾರ್ವಜನಿಕ ಜೀವನಕ್ಕೆ ಮತ್ತೆ ಇಳಿದು, 1853ರಲ್ಲಿ ಟೆಕ್ಸಸ್ ವೈದ್ಯರ ಸಂಘವನ್ನು ಕಟ್ಟಿದವರಲ್ಲಿ ಒಬ್ಬನಾದ. ಹ್ಯಾರಿಸ್ ಕೌಂಟಿಯ ಪ್ರತಿನಿಧಿಯಾಗಿ 1855, 1866 ಮತ್ತು 1879ರಲ್ಲಿ ರಾಜ್ಯದ ಶಾಸನಸಭೆಯಲ್ಲಿ ಕೂತು ರೈಲುದಾರಿ, ಜಮೀನಿನ ಹಕ್ಕುಪತ್ರ, ಸಾರ್ವಜನಿಕ ಶಾಲೆಗಳ ಪರವಾಗಿ ದುಡಿದ.

ಇಲ್ಲಿಗೇ ನಿಲ್ಲಿಸಿದರೆ ಇದೊಂದು ಮಹಾಪುರುಷರ ಚರಿತ್ರೆಯಾದೀತು. ಆದರೆ ವೈದ್ಯರಿಗೆ ಒಂದು ಅಭ್ಯಾಸವುಂಟು. ರೋಗಿಯ ಪೂರ್ವಕಥೆಯನ್ನು ಬರೆದುಕೊಳ್ಳುವಾಗ ಕೇಳಲು ಮುಜುಗರವಾಗುವ ಪ್ರಶ್ನೆಯನ್ನು ಬಿಟ್ಟರೆ ರೋಗನಿರ್ಣಯವೇ ತಪ್ಪುತ್ತದೆ. ರೆಸಿಡೆನ್ಸಿಯ ಮೊದಲ ವಾರವೇ ಕಲಿಸುವ ಈ ಪಾಠ ಚರಿತ್ರೆಗೂ ಸಲ್ಲುತ್ತದೆ.

ಇಂದಿನ ಬೇಟೌನ್ ಪ್ರದೇಶದಲ್ಲಿ, ಕೊಲ್ಲಿಯ ದಂಡೆಯ ಮೇಲೆ ಸ್ಮಿತ್‌ಗೆ ಎವರ್‌ಗ್ರೀನ್ ಎಂಬ ತೋಟವಿತ್ತು. ಅಲ್ಲಿ ದುಡಿಯುತ್ತಿದ್ದವರು ಗುಲಾಮರು. ಸ್ಮಿತ್ ಅವರ ಒಡೆಯ. ಕೇವಲ ಒಡೆಯನಲ್ಲ, ಆ ಪದ್ಧತಿಯ ವಕೀಲ ಕೂಡ. 1843ರಲ್ಲಿ ಸ್ಟೀಫನ್ ಪರ್ಲ್ ಆಂಡ್ರೂಸ್ ಎಂಬ ಟೆಕ್ಸಸ್ಸಿನ ವಕೀಲನೊಬ್ಬ ಲಂಡನ್ನಿಗೆ ಹೋಗಿ, ಇಂಗ್ಲಿಷರ ಸಾಲದ ಹಣದಿಂದ ಟೆಕ್ಸಸ್ಸಿನ ಗುಲಾಮರನ್ನು ಕೊಂಡು ಬಿಡುಗಡೆ ಮಾಡುವ ಯೋಜನೆಯನ್ನು ಮುಂದಿಟ್ಟ. ಅದರ ವಿರುದ್ಧ ವಿದೇಶಾಂಗ ಮಂತ್ರಿ ಲಾರ್ಡ್ ಅಬರ್ಡೀನ್ ಬಳಿಗೆ ಹೋಗಿ ಪ್ರತಿಭಟಿಸಿದವನು ಟೆಕ್ಸಸ್ಸಿನ ರಾಯಭಾರಿಯಾಗಿದ್ದ ಡಾ. ಆಶ್‌ಬೆಲ್ ಸ್ಮಿತ್. ಗುಲಾಮಗಿರಿಯನ್ನು ಅಳಿಸುವ ಬ್ರಿಟಿಷರ ಹುನ್ನಾರವಿದೆಯೆಂದು ತನ್ನವರಿಗೆ ಪತ್ರ ಬರೆದು ಎಚ್ಚರಿಸಿದವನೂ ಆತನೇ.

ಆ ಕಾಲವೇ ಹಾಗಿತ್ತು ಎಂದು ಸಮಾಧಾನ ಹೇಳಿಕೊಳ್ಳುವುದು ಸುಲಭ. ಆದರೆ ಸ್ಮಿತ್‌ನ ವಿಷಯದಲ್ಲಿ ಆ ಸಮಾಧಾನ ನಿಲ್ಲುವುದಿಲ್ಲ. ಆತ ಹುಟ್ಟಿದ ಕನೆಕ್ಟಿಕಟ್ ಗುಲಾಮಗಿರಿಯನ್ನು ಹಂತಹಂತವಾಗಿ ನಿಲ್ಲಿಸುವ ಕಾನೂನನ್ನು 1784ರಲ್ಲೇ ಮಾಡಿತ್ತು. ಬ್ರಿಟಿಷ್ ಸಂಸತ್ತು 1833ರಲ್ಲಿ ತನ್ನ ವಸಾಹತುಗಳಲ್ಲಿ ಅದನ್ನು ರದ್ದು ಮಾಡಿತ್ತು. ಆತ ಪ್ಯಾರಿಸ್ ಕಂಡವನು, ಲಂಡನ್ನಿನಲ್ಲಿ ಎದುರು ಪಕ್ಷದ ವಾದವನ್ನು ನೇರವಾಗಿ ಕೇಳಿದವನು. ಅರಿವಿಲ್ಲದೆ ಮಾಡಿದ ತಪ್ಪು ಎನ್ನಲು ಬರುವುದಿಲ್ಲ. ಊರೆಲ್ಲ ಅಂಟುರೋಗವೆಂದು ನಂಬಿದ್ದಾಗ ವಾಂತಿಯನ್ನೇ ರುಚಿ ನೋಡಿ ಸತ್ಯ ಹುಡುಕಿದ ಮನುಷ್ಯ, ತನ್ನ ತೋಟದಲ್ಲಿ ದುಡಿಯುವವರೂ ತನ್ನಂತೆಯೇ ಮನುಷ್ಯರಲ್ಲವೇ ಎಂಬ ಪ್ರಶ್ನೆಯನ್ನು ಅದೇ ನಿಷ್ಠುರತೆಯಿಂದ ಪರೀಕ್ಷಿಸಲಿಲ್ಲ. ಮೊದಲನೆಯ ನಂಬಿಕೆಯನ್ನು ಪ್ರಶ್ನಿಸಿದರೆ ಹೋಗುವುದು ಪ್ರಾಣ. ಎರಡನೆಯದನ್ನು ಪ್ರಶ್ನಿಸಿದರೆ ಹೋಗುವುದು ತೋಟ, ಸ್ಥಾನಮಾನ, ಸ್ನೇಹವಲಯ. ಪ್ರಾಣವನ್ನು ಪಣಕ್ಕಿಡುವ ಧೈರ್ಯವಿದ್ದವರಿಗೂ ಎರಡನೆಯ ಧೈರ್ಯ ಇರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಕಂಡಿಲ್ಲ. ಜಾತಿಪದ್ಧತಿಯನ್ನು ಕಂಡು ಬೆಳೆದು ಬಂದ ನಾವು ಇದನ್ನು ಬರಿಯ ಅಮೆರಿಕದ ಕಥೆಯೆಂದು ಓದಿ ಮುಗಿಸುವಂತಿಲ್ಲ.

ಅಂತರ್ಯುದ್ಧ ಬಂದಾಗ ಐವತ್ತು ದಾಟಿದ್ದ ಸ್ಮಿತ್ ಬೇಲ್ಯಾಂಡ್ ಗಾರ್ಡ್ಸ್ ಎಂಬ ಪಡೆ ಕಟ್ಟಿ ದಕ್ಷಿಣದ ಪರವಾಗಿ ಹೋರಾಡಿದ. ಸ್ಯಾಮ್ ಹ್ಯೂಸ್ಟನ್ನನ ಮಗನೂ ಆ ಪಡೆಯಲ್ಲಿದ್ದ. 1862ರ ಏಪ್ರಿಲ್‌ನಲ್ಲಿ ಶೈಲೋ ಕದನದಲ್ಲಿ ಸ್ಮಿತ್ ಗಾಯಗೊಂಡ. ಮರುವರ್ಷ ವಿಕ್ಸ್‌ಬರ್ಗ್ ಮುತ್ತಿಗೆಯಲ್ಲೂ ಇದ್ದ. 1865ರಲ್ಲಿ ಸೋಲು ಖಚಿತವಾದಾಗ ಟೆಕ್ಸಸ್ಸಿನ ಪರವಾಗಿ ಸಂಧಾನಕ್ಕೆಂದು ನ್ಯೂ ಆರ್ಲಿಯನ್ಸ್‌ಗೆ ಹೋದ ಇಬ್ಬರಲ್ಲಿ ಒಬ್ಬ ಸ್ಮಿತ್. ಅದೇ ಜೂನ್ 19ರಂದು ಜನರಲ್ ಗ್ರೇಂಜರ್ ಗ್ಯಾಲ್ವೆಸ್ಟನ್ನಿನಲ್ಲಿ ಗುಲಾಮರ ವಿಮೋಚನೆಯ ಆದೇಶವನ್ನು ಸಾರಿದ. ಇಂದು ನಾವು ಜೂನ್‌ಟೀನ್ತ್ ಎಂದು ಆಚರಿಸುವ ದಿನ ಅದು. 2021ರಿಂದ ದೇಶಕ್ಕೆಲ್ಲ ರಜೆ. ಮರುವರ್ಷ ಸ್ಮಿತ್ ಕೂತಿದ್ದ ಶಾಸನಸಭೆಯಾದರೋ, ಬಿಡುಗಡೆಯಾದವರನ್ನು ಹೊಸ ಕಟ್ಟುಪಾಡುಗಳಲ್ಲಿ ಕಟ್ಟಿಹಾಕುವ ಕಾನೂನುಗಳನ್ನು ಮಾಡಿತು, ಅವರಿಗೆ ಪೌರತ್ವ ಕೊಡುವ ಸಂವಿಧಾನದ 14ನೆಯ ತಿದ್ದುಪಡಿಯನ್ನು ನಿರಾಕರಿಸಿತು.

ಆಮೇಲೆ ನಡೆದದ್ದು ಈ ಬದುಕಿನ ವಿಚಿತ್ರ ಅಧ್ಯಾಯ. 1876ರಲ್ಲಿ ಕಪ್ಪು ಯುವಜನರಿಗಾಗಿ ಕೃಷಿ ಮತ್ತು ತಾಂತ್ರಿಕ ಕಾಲೇಜೊಂದನ್ನು ಸ್ಥಾಪಿಸಲು ರಾಜ್ಯ ನಿರ್ಧರಿಸಿ, ಮೂವರು ಕಮಿಷನರುಗಳನ್ನು ನೇಮಿಸಿತು. ಅವರಲ್ಲಿ ಸ್ಮಿತ್ ಒಬ್ಬ. ವಾಲರ್ ಕೌಂಟಿಯಲ್ಲಿ ಹಿಂದೆ ಗುಲಾಮರು ದುಡಿದಿದ್ದ ಆಲ್ಟಾ ವಿಸ್ಟಾ ತೋಟವೇ ಕಾಲೇಜಿನ ನೆಲವಾಯಿತು. 1878ರ ಮಾರ್ಚ್‌ನಲ್ಲಿ ಎಂಟು ವಿದ್ಯಾರ್ಥಿಗಳೊಡನೆ ಬಾಗಿಲು ತೆರೆದ ಆ ಶಾಲೆಯೇ ಇಂದಿನ ಪ್ರೇರಿ ವ್ಯೂ ಎ ಅಂಡ್ ಎಂ ವಿಶ್ವವಿದ್ಯಾನಿಲಯ. ಹೆಣ್ಣುಮಕ್ಕಳಿಗೂ ಕಪ್ಪು ಜನರಿಗೂ ವಿದ್ಯೆ ಸಿಗಬೇಕೆಂದು ಸ್ಮಿತ್ ವಾದಿಸಿದ್ದೂ ನಿಜ. ಆದರೆ ಅದು ಪಕ್ಕದಲ್ಲಿ ಕೂರಿಸಿ ಕೊಡುವ ವಿದ್ಯೆಯಲ್ಲ, ಬೇರೆ ಪಂಕ್ತಿಯಲ್ಲಿ ಬಡಿಸುವ ವಿದ್ಯೆ. ಪಂಕ್ತಿಭೇದ ಎಂದರೇನೆಂದು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

1881, ಮೈಸೂರು ಮತ್ತೆ ಒಡೆಯರ ಕೈಸೇರಿ ಪ್ರಜಾಪ್ರತಿನಿಧಿ ಸಭೆ ಆರಂಭವಾದ ವರ್ಷ. ಅದೇ ವರ್ಷ ಟೆಕ್ಸಸ್ ತನ್ನ ವಿಶ್ವವಿದ್ಯಾನಿಲಯಕ್ಕೆ ಚಾಲನೆ ಕೊಟ್ಟಿತು. ಮುಖ್ಯ ವಿದ್ಯಾಲಯ ಆಸ್ಟಿನ್ನಿಗೆ, ವೈದ್ಯಕೀಯ ಶಾಖೆ ಗ್ಯಾಲ್ವೆಸ್ಟನ್ನಿಗೆ ಎಂದು ಜನಮತ ತೀರ್ಮಾನಿಸಿತು. ಆಡಳಿತ ಮಂಡಳಿಯ ಮೊದಲ ಅಧ್ಯಕ್ಷನಾದ ಸ್ಮಿತ್‌ಗೆ ಆಗ 76 ವರ್ಷ. ಆ ವಯಸ್ಸಿನಲ್ಲಿ ಒಳ್ಳೆಯ ಪ್ರಾಧ್ಯಾಪಕರನ್ನು ಹುಡುಕುವ ಹೊಣೆ ಹೊತ್ತ. 1882ರ ನವೆಂಬರ್ 17ರಂದು ಆಸ್ಟಿನ್ನಿನಲ್ಲಿ ಮೂಲೆಗಲ್ಲು ಇಡುವ ಸಮಾರಂಭದಲ್ಲಿ ಸ್ಮಿತ್ ಮಾತನಾಡುತ್ತ, ಟೆಕ್ಸಸ್ಸಿನ ನೆಲದಲ್ಲಿ ಸಂಪತ್ತು ಅಡಗಿದೆ, ವಿದ್ಯೆಯೆಂಬ ಕೋಲಿನಿಂದ ಬಂಡೆಯನ್ನು ಬಡಿದರೆ ಅದು ಚಿಲುಮೆಯಾಗಿ ಉಕ್ಕುತ್ತದೆ ಎಂಬರ್ಥದ ಮಾತಾಡಿದ. ಅಲಂಕಾರದ ಮಾತು ಅಕ್ಷರಶಃ ನಿಜವಾದದ್ದು 1923ರ ಮೇ 28ರಂದು. ವಿಶ್ವವಿದ್ಯಾನಿಲಯಕ್ಕೆಂದು ರಾಜ್ಯ ಬಿಟ್ಟುಕೊಟ್ಟಿದ್ದ ಪಶ್ಚಿಮ ಟೆಕ್ಸಸ್ಸಿನ ಬರಡು ಭೂಮಿಯಲ್ಲಿ, ಸಾಂತಾ ರೀಟಾ ಎಂಬ ಬಾವಿಯಿಂದ ಎಣ್ಣೆ ಚಿಮ್ಮಿತು. ಈಗಲೂ ಆ ಹಣದ ಬಲ ವಿಶ್ವವಿದ್ಯಾನಿಲಯಕ್ಕಿದೆ.

ಸ್ಮಿತ್ ಮದುವೆಯಾಗಿರಲಿಲ್ಲ. 1886ರ ಜನವರಿ 21ರಂದು ಎವರ್‌ಗ್ರೀನ್ ತೋಟದಲ್ಲೇ ತೀರಿಕೊಂಡ. ಆಸ್ಟಿನ್ನಿನ ರಾಜ್ಯ ಸ್ಮಶಾನದಲ್ಲಿ ಸಮಾಧಿಯಿದೆ. ಗ್ಯಾಲ್ವೆಸ್ಟನ್ನಿನ ವೈದ್ಯಕೀಯ ಶಾಖೆ ತೆರೆದದ್ದು ಆತ ಸತ್ತು ಐದು ವರ್ಷಗಳಾದ ಮೇಲೆ, 1891ರಲ್ಲಿ. ನಿಕೊಲಸ್ ಕ್ಲೇಟನ್ ಎಂಬ ಶಿಲ್ಪಿ ಕಟ್ಟಿದ ಅದರ ಮೊದಲ ಕಟ್ಟಡಕ್ಕೆ ಮುಂದೆ ಸ್ಮಿತ್‌ನ ಹೆಸರಿಟ್ಟರು. ಜನರ ಬಾಯಲ್ಲಿ ಅದು 'ಓಲ್ಡ್ ರೆಡ್'. ಸಾವಿರಾರು ಜೀವ ತೆಗೆದ 1900ರ ಚಂಡಮಾರುತದಲ್ಲಿ ಅದು ಉಳಿಯಿತು. 2008ರಲ್ಲಿ ಐಕ್ ಚಂಡಮಾರುತದ ನೀರು ಒಳನುಗ್ಗಿದಾಗಲೂ ನಿಂತಿತು.

ಆದರೆ ಸ್ಮಿತ್ ಬೇರೆ ಬೇರೆಯಾಗಿ ಹಾಕಿದ್ದ ಪಂಕ್ತಿಗಳು ಉಳಿಯಲಿಲ್ಲ. 1949ರಲ್ಲಿ ಹರ್ಮನ್ ಬಾರ್ನೆಟ್ ಎಂಬ ಕಪ್ಪು ಯುವಕ ಗ್ಯಾಲ್ವೆಸ್ಟನ್ನಿನ ವೈದ್ಯಕೀಯ ವಿದ್ಯಾಲಯಕ್ಕೆ ಸೇರಿ 1953ರಲ್ಲಿ ವೈದ್ಯನಾಗಿ ಹೊರಬಂದ. ಆ ಸಂಸ್ಥೆಯಲ್ಲಿ ಓದಿದ ಮೊದಲ ಕಪ್ಪು ವಿದ್ಯಾರ್ಥಿ ಆತ. ಹೀಮನ್ ಸ್ವೆಟ್ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ 1950ರಲ್ಲಿ ಆಸ್ಟಿನ್ನಿನ ಬಾಗಿಲೂ ತೆರೆಯಿತು. ಸಂಸ್ಥೆಯನ್ನು ಕಟ್ಟಿದವರು ಒಬ್ಬರು. ಅದನ್ನು ಎಲ್ಲರದಾಗಿ ಮಾಡಿದವರು ಇನ್ನೊಬ್ಬರು. ಮುಂದೆ ನಮ್ಮಂಥ ಕಂದುಬಣ್ಣದವರು ಈ ರಾಜ್ಯದ ಆಸ್ಪತ್ರೆಗಳಲ್ಲಿ ಬಿಳಿಯ ಕೋಟು ತೊಟ್ಟು ನಿರಾತಂಕವಾಗಿ ಓಡಾಡುವಂತಾದದ್ದರಲ್ಲಿ ಈ ಎರಡನೆಯವರ ಪಾಲು ದೊಡ್ಡದು. ಸ್ಥಾಪಕರ ದಿನದಂದು ನಾವು ಮೊದಲನೆಯವರ ಪಟಕ್ಕೆ ಮಾತ್ರ ಹಾರ ಹಾಕಿ ಮನೆಗೆ ಹೋಗುತ್ತೇವೆ. ಸಂಘದ ಬಾಗಿಲನ್ನು ಇನ್ನಷ್ಟು ಅಗಲ ಮಾಡಿದವರ ಹೆಸರುಗಳನ್ನೂ ಇಂಥ ಸಂಚಿಕೆಗಳಲ್ಲಿ ಬರೆದಿಡುವ ರೂಢಿ ನಮ್ಮಲ್ಲಿ ಬೆಳೆಯಲಿ.

ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಗ್ಯಾಲ್ವೆಸ್ಟನ್ನಿನ ಸಮುದ್ರತೀರಕ್ಕೆ ಹೋಗುವವರು ಪುಳಿಯೋಗರೆಯ ಡಬ್ಬಿ ಬಿಚ್ಚುವ ಮುನ್ನ ಅರ್ಧ ಗಂಟೆ ಬಿಡುವು ಮಾಡಿಕೊಂಡು ಆ ಕೆಂಪು ಕಟ್ಟಡವನ್ನು ನೋಡಿ ಬನ್ನಿ. ಹಳದಿ ಜ್ವರಕ್ಕೆ ಹೆದರದ ವೈದ್ಯನ ಕಥೆಯನ್ನು ಮಕ್ಕಳಿಗೆ ಹೇಳಿ. ಎವರ್‌ಗ್ರೀನ್ ತೋಟದಲ್ಲಿ ದುಡಿದವರ ವಿಷಯವನ್ನೂ ಬಿಡದೆ ಹೇಳಿ. ಏಳನೆಯ ತರಗತಿಯ ಮಗುವಿಗೆ ಎರಡೂ ಅರ್ಥವಾಗುತ್ತವೆ.